ಶಬಾನಾಳ ಕಂಪ್ಯೂಟರ್ ನಿಧಾನವಾದದ್ದು ಹೀಗೆ

ನಿನ್ನ ಕಂಪ್ಯೂಟರನ್ನು ಕೆಡಿಸಿದವಳು ನಾನು, ಶಬಾನಾ. ಕರೆಂಟೂ ಅಲ್ಲ, ಧೂಳೂ ಅಲ್ಲ — ನಾನು. ಅಯ್ಯೋ ಪಾಪ ಎಂದುಕೊಂಡು ಬರೆಯುತ್ತಿಲ್ಲ. ನಿನ್ನನ್ನು ಕಂಡರೆ ಆಗಲೂ ಮೈ ಉರಿಯುತ್ತಿತ್ತು, ಈಗಲೂ ಉರಿಯುತ್ತದೆ.

ಶಹಾಪುರದ ಆ ಸ್ಟುಡಿಯೋದಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುವವರು ನಾವಿಬ್ಬರೇ. ಒಂದೇ ದಿನ ತಂದ, ಒಂದೇ ಥರದ ಎರಡು ಕಂಪ್ಯೂಟರು. ನಿನಗೆ ಕೆಲಸ ಕಲಿಸಿದವಳು ನಾನು. ಆದರೂ ಸುರಪುರದಿಂದ ಬಂದ ಗಿರಾಕಿಗಳೂ "ಶಬಾನಾ ಮೇಡಮ್ಮೇ ಮಾಡ್ಲಿರಿ" ಅನ್ನುತ್ತಿದ್ದರು. ಅಷ್ಟರಲ್ಲಿ ಮಾಲೀಕ ಹೇಳಿದ: "ಇಬ್ಬರನ್ನ ಇಟ್ಕೊಳ್ಳಾಕ ಆಗಂಗಿಲ್ಲ. ಈ ಲಗ್ನದ ಸೀಸನ್‌ದಾಗ ಯಾರು ಲಗೂನ ಮುಗಸ್ತಾರ, ಅವರು ಇರ್ಲಿ."

ನೀನು ಊಟಕ್ಕೆ ಹೋದಾಗ ನಿನ್ನ ಕಂಪ್ಯೂಟರಿನ ಒಳಸೆಟ್ಟಿಂಗಿಗೆ ಹೋಗಿ ಮಲ್ಟಿಥ್ರೆಡಿಂಗ್ ಬಂದ್ ಮಾಡಿದೆ. ಪ್ರೊಸೆಸರಿನ ಒಂದೊಂದು ಕೋರ್ ಎರಡೆರಡು ಕೆಲಸ ಹಿಡಿದಿರುತ್ತಿತ್ತಲ್ಲ — ಒಂದು ಕಾಯುವಾಗ ಇನ್ನೊಂದು ನಡೆಯುತ್ತಿತ್ತು — ಇನ್ನು ಒಂದೇ. ಫೋಟೋ ತೆರೆದರೆ, ಹೆಸರು ಟೈಪ್ ಮಾಡಿದರೆ ಏನೂ ಗೊತ್ತಾಗುವುದಿಲ್ಲ. ನಾಲ್ಕು ಕ್ಯಾಮೆರಾದ ಮದುವೆಯನ್ನು ಬಣ್ಣ ತಿದ್ದಿ ಒಂದೇ ಫೈಲ್ ಮಾಡಲು ಹಚ್ಚಿದಾಗ ಮಾತ್ರ ಏದುಸಿರು ಬಿಡುತ್ತದೆ. ಅರ್ಧಕ್ಕರ್ಧ ನಿಧಾನವೇನಲ್ಲ, ನೀನು ಸೋಲುವಷ್ಟು. ಪೂರಾ ಕೆಡಿಸಿದ್ದರೆ ಸಿಕ್ಕಿಬೀಳುತ್ತಿದ್ದೆ.

ನೀನು ನನ್ನ ಬಳಿಗೇ ಬಂದೆಯಲ್ಲ! "ಅಕ್ಕಾ, ನನ್ನ ಕಂಪ್ಯೂಟರ್‌ಗ ಏನೋ ಆಗ್ಯಾದ, ಜರಾ ನೋಡ್ರಿ." ನಿನ್ನ ಕುರ್ಚಿಯಲ್ಲಿ ಕೂತು, ನೋಡುವ ನಾಟಕ ಮಾಡಿ, ಮಾಲೀಕನಿಗೆ ಕೇಳಿಸುವಂತೆ ಅಂದೆ: "ಏನೂ ಆಗಿಲ್ಲವ್ವ. ನಿನಗ ಕೆಲಸ ಬರಂಗಿಲ್ಲ." ನೀನು ತಲೆ ತಗ್ಗಿಸಿದೆ. ಜಗಳಕ್ಕೆ ನಿಂತಿದ್ದರೆ ನಾನು... ಇಲ್ಲ, ಆಗಲೂ ಸುಳ್ಳೇ ಹೇಳುತ್ತಿದ್ದೆ.

ಸೀಸನ್ ಮುಗಿಯಿತು, ನಿನ್ನನ್ನು ಬಿಡಿಸಿದರು. ನಾನು ಮಲ್ಟಿಥ್ರೆಡಿಂಗ್ ಮತ್ತೆ ಚಾಲೂ ಮಾಡಿ, ನಿನ್ನ ಕಂಪ್ಯೂಟರನ್ನೇ ಇಟ್ಟುಕೊಂಡೆ. "ನಿನ್ನ ಕೈಗೆ ಬಂದ ಕೂಡ್ಲೆ ಹೆಂಗ ಓಡಾಕತ್ತದ ನೋಡು!" ಎಂದ ಮಾಲೀಕ. ನಾನು ನಕ್ಕೆ. ಥೂ!

ಎಷ್ಟೋ ವರ್ಷದ ಮೇಲೆ ಮೊನ್ನೆ ಗೋಗಿ ಊರಿನ ಬಸ್ಸಿನಲ್ಲಿ ನೀನು ಸಿಕ್ಕೆ. ಹೊಸ ಸ್ಟುಡಿಯೋದವರು ಎಡಿಟಿಂಗಿಗೆ ಕರೆದರೂ ಒಲ್ಲೆ ಅಂದೆಯಂತೆ. "ನನಗ ಬರಂಗಿಲ್ಲಲ್ರಿ ಅಕ್ಕಾ, ನೀವೇ ಹೇಳಿದ್ರಲ್ಲ." ಒಂದಿಷ್ಟೂ ಸಿಟ್ಟಿಲ್ಲದೆ ಅಂದೆ! ನಾನು ಕಿಟಕಿ ಕಡೆ ತಿರುಗಿದೆ.

ಮಾಲೀಕನಿಗೆ ಇವತ್ತು ಎಲ್ಲ ಹೇಳಿದ್ದೇನೆ. ನಾಳೆ ನಿನ್ನ ಮನೆಗೆ ಬರುತ್ತೇನೆ. ಕ್ಷಮಿಸಬೇಡ, ಚಹಾನೂ ಮಾಡಬೇಡ. ನೀನು ಕದ ಹಾಕಿಕೊಂಡರೆ ಓಣಿಯಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಕೂಗುತ್ತೇನೆ — "ಶಬಾನಾಗ ಕೆಲಸ ನನಗಿಂತ ಛಲೋ ಬರ್ತಿತ್ತು. ಅದಕ್ಕ ನಾ ಅಕಿ ಕಂಪ್ಯೂಟರ್ ಕೆಡಿಸಿದೆ."