ಬಗ್ಗು ಎನ್ನದ ಬಾಯಿ

ಬಸಣ್ಣ, ಆ ದಿನ ನಾನು ‘ಬಗ್ಗು’ ಎಂದು ಕೂಗಲೇ ಇಲ್ಲ. ‘ಕೂಗಿದೆ, ಗಾಳಿಗೆ ಅವನಿಗೆ ಕೇಳಿಸಲಿಲ್ಲ’ ಎಂದು ಅಪಘಾತದ ವಿಚಾರಣೆಯಲ್ಲಿ ನಾನು ಹೇಳಿದ್ದು ಸುಳ್ಳು — ಇಷ್ಟು ವರ್ಷ ನೀನು ನಂಬಿಕೊಂಡು ಬಂದ ಸುಳ್ಳು.

ನಮ್ಮ ದೋಣಿ ಈಗ ಮ್ಯೂಸಿಯಂನಲ್ಲಿದೆ. ಹೋದ ವಾರ ನೋಡಿ ಬಂದೆ. ಹಾಯಿ ಏರಿಸಿ ನಿಲ್ಲಿಸಿದ್ದಾರೆ, ‘ಚಾಂಪಿಯನ್ ದೋಣಿ’ ಎಂಬ ಫಲಕದ ಕೆಳಗೆ ನಮ್ಮಿಬ್ಬರ ಹೆಸರು. ಹೊನ್ನಾಳಿಯ ಹೊಳೆಯಲ್ಲಿ ತೆಪ್ಪ ನಡೆಸುತ್ತಿದ್ದ ಇಬ್ಬರು ಸೈನ್ಯ ಸೇರಿ, ಹಾಯಿದೋಣಿ ಕಲಿತು, ದೇಶಕ್ಕೇ ಮೊದಲಿಗರಾದರಂತೆ. ಹಾಯಿಯ ಕೆಳಗಿನ ಲೋಹದ ಗಳಕ್ಕೆ ಹೊಸ ಬಣ್ಣ ಬಳಿದಿದ್ದಾರೆ. ನಿನ್ನ ತಲೆಗೆ ಬಡಿದ ಜಾಗವನ್ನು ಮುಟ್ಟಲು ಹೋದೆ — ಕಾವಲಿನವನು ಬೈದ. ಬೈಯಲಿ.

ದೋಣಿ ತಿರುಗಿಸಿದಾಗ ಆ ಗಳ ಬೀಸಿಕೊಂಡು ಬರುತ್ತದೆ. ಚುಕ್ಕಾಣಿ ನನ್ನ ಕೈಯಲ್ಲಿ, ಹಗ್ಗ ನಿನ್ನ ಕೈಯಲ್ಲಿ. ಉಳಿದ ದೋಣಿಗಳಲ್ಲಿ ಇಂಗ್ಲಿಷಿನಲ್ಲಿ ಕೂಗುತ್ತಿದ್ದರು. ನಮ್ಮದು ಮಾತ್ರ ‘ಬಗ್ಗು’. ಹಿಂದೆ ತಿರುಗಿಯೂ ನೋಡದೆ ಬಗ್ಗುತ್ತಿದ್ದೆ ನೀನು, ಅಷ್ಟು ನಂಬಿಕೆ.

ಫೈನಲ್‌ನಲ್ಲಿ ನಾನು ಗಾಳಿಯನ್ನು ತಪ್ಪಾಗಿ ಅಂದಾಜು ಮಾಡಿದೆ. ನೀನು ರೇಗಿದೆ: “ಗಾಳಿ ಯಾವ ಕಡಿಂದ ಬರ್ತೈತೆ ಅಂತ ತಿಳಿಯಲ್ಲೇನೋ ನಿಂಗೆ? ಚುಕ್ಕಾಣಿ ಇತ್ಲಾಗ್ ಕೊಡು!”

ಭಾಷೆ ಬರದಿದ್ದರೂ ಪಕ್ಕದ ದೋಣಿಯವರು ನಕ್ಕರು. ನೀನು ಹೇಳಿದ್ದು ಸರಿಯಿತ್ತು — ಅದಕ್ಕೇ ನನ್ನ ಪಿತ್ತ ನೆತ್ತಿಗೇರಿತು. ಗಕ್ಕನೆ ತಿರುಗಿಸಿದೆ. ಮಾತು ನಾಲಿಗೆಯ ಮೇಲೇ ಇತ್ತು. ಹಲ್ಲು ಕಚ್ಚಿದೆ.

ತೆಂಗಿನಕಾಯಿ ಒಡೆದಂಥ ಸದ್ದು. ನಿನ್ನ ಎಡಗಣ್ಣಿನಿಂದ ಚಿಮ್ಮಿದ ರಕ್ತ ನನ್ನ ಮುಖಕ್ಕೆ ರಾಚಿತು. ನೀನು ಬಿದ್ದಲ್ಲಿಂದಲೇ ತಡಕಾಡಿ ನನ್ನ ಕಾಲು ತಬ್ಬಿಕೊಂಡೆ. ಚುಕ್ಕಾಣಿಗೆ ಅಡ್ಡ ಬರುತ್ತೀಯೆಂದು ಒದ್ದೆ, ಬಸಣ್ಣ. ನೀನು ಬಿಡಲಿಲ್ಲ — ಮತ್ತೆ ಒದ್ದೆ, ನಿನ್ನ ಕೈ ಸಡಿಲವಾಗುವ ತನಕ. ಗೆಲುವಿನ ಗೆರೆ ದಾಟಿದ ಮೇಲೆಯೇ ನಿನ್ನತ್ತ ಬಗ್ಗಿದೆ.

ನ್ಯಾಮತಿಯ ನಿನ್ನ ಮನೆಗೆ ಬಂದಾಗಲೆಲ್ಲ ಹೆಂಡತಿ ಮಕ್ಕಳಿಗೆ ನೀನೇ ಹೇಳುತ್ತೀಯ: “ಇವ್ನು ಕೂಗಿದ್ದ, ನನ್ ಕಿವಿಗೇ ಬೀಳ್ಲಿಲ್ಲ.” ಆ ಮನೆಯ ಬಾಗಿಲು ಗಿಡ್ಡ. ನಾನು ಒಳಗೆ ಕಾಲಿಡುವ ಮೊದಲೇ, ಉಳಿದ ಒಂದು ಕಣ್ಣಿನಲ್ಲಿ ಕಂಡು ಕೂಗುತ್ತೀಯ — “ಬಗ್ಗೋ, ತಲೆಗೆ ಬಡಿತೈತೆ!” ಒಂದು ಸಲವೂ ಮರೆತಿಲ್ಲ ನೀನು.

ಭಾನುವಾರ ಬರುತ್ತೇನೆ. ಇದನ್ನೆಲ್ಲ ನಿನ್ನ ಹೆಂಡತಿ ಮಕ್ಕಳ ಮುಂದೆಯೇ ಹೇಳುತ್ತೇನೆ. ಆಮೇಲೆ ನಾನು ಹೊರಡುವಾಗ, ಬಾಗಿಲ ಹತ್ತಿರ — ನೀನು ಏನೂ ಕೂಗಬೇಡ.