ಶೀಲಕ್ಕನ ಅರ್ಧ ಕಿಲೋ ಹಿಟ್ಟು

ಶನಿವಾರ ಅಮ್ಮ ಬರುತ್ತಾಳೆ. ಅಷ್ಟರೊಳಗೆ ನನ್ನ ನಾಲ್ಕು ವರ್ಷದ ಮಗಳು ಶ್ರಾವ್ಯಾಳ ಬಾಯಿಗೆ ಬೀಗ ಹಾಕುವುದು ಹೇಗೆ? ಹಲ್ಲುಜ್ಜುವಾಗ, ಲೋಕಲ್ ರೈಲಿನಲ್ಲಿ ನಿಂತಿರುವಾಗ, ಆಫೀಸಿನ ಮೀಟಿಂಗಿನಲ್ಲೂ ನನಗೆ ಇದೇ ಚಿಂತೆ.

ನನ್ನ ಗಂಡ ಹಿತೇಶ್ ಮಲಾಡಿನಲ್ಲಿ ಬೇರೆ ರೂಮು ಮಾಡಿ ನಾಲ್ಕು ತಿಂಗಳಾಯಿತು. ಜಗಳವಾಡಿ ಸುಸ್ತಾಗಿ ಇಬ್ಬರೂ ಒಪ್ಪಿಯೇ ಬೇರೆಯಾದದ್ದು. ಆದರೆ ಭಾಂಡುಪಿನಲ್ಲಿರುವ ಅಮ್ಮನಿಗೆ ನಾನು ಹೇಳಿರುವುದು, ಅವನಿಗೆ ಪುಣೆಯಲ್ಲಿ ಪ್ರಾಜೆಕ್ಟ್ ಎಂದು. ಪಾಪ, ಪುಣೆಯ ಅಳಿಯನಿಗೆಂದು ಅಮ್ಮ ತಿಂಗಳಿಗೊಂದು ಬಾಟಲಿ ಚಟ್ನಿಪುಡಿ ಕಳಿಸುತ್ತಾಳೆ. ನಾಲ್ಕೂ ನನ್ನ ಕಪಾಟಿನಲ್ಲಿವೆ.

ಬಿಲ್ಡಿಂಗಿನವರಿಗೂ ಗೊತ್ತಾಗಬಾರದಲ್ಲ. ಅದಕ್ಕೇ ಮೊದಲಿನಂತೆ ವಾರಕ್ಕೆರಡು ಸಲ ಒಂದೊಂದು ಕಿಲೋ ದೋಸೆ ಹಿಟ್ಟು ತರುತ್ತಿದ್ದೆ. ಅರ್ಧ ಕಿಲೋ ಕೇಳಿದರೆ ಶೀಲಕ್ಕನಿಗೆ ಎಲ್ಲಾ ತಿಳಿದುಬಿಡುತ್ತದೆ ಎಂಬ ಭಯ. ಶೀಲಕ್ಕ, ಅಂದರೆ ಉಡುಪಿ ಕಡೆಯ ಶೀಲಾವತಿ, ದಹಿಸರ್ ಸ್ಟೇಷನ್ ಹತ್ತಿರದ ಚಾಳೆಂಬ ವಠಾರದ ಮುಂದಿನ ಕೋಣೆಯಲ್ಲಿ ಮೂವತ್ತು ವರ್ಷದಿಂದ ಹಿಟ್ಟು ರುಬ್ಬಿ ಮಾರುವವಳು. ಡಬ್ಬಿ ನಾವೇ ಒಯ್ಯಬೇಕು. ಡಬ್ಬಿ ನೋಡಿಯೇ ಅವಳು ಸಂಸಾರ ಓದುತ್ತಾಳೆ. "ನಿಮ್ಮ ಬಿಲ್ಡಿಂಗಿನ ಮಾಧುರಿ ಎರಡು ಕಿಲೋ ಕೊಂಡುಹೋದಳು. ನಾದಿನಿ ಬಂದಿರ್ಬೇಕು, ಮುಖವೂ ಹಾಗೇ ಉಂಟು!"

ಹೀಗಾಗಿ ನಮ್ಮಲ್ಲಿ ದೋಸೆ, ಉತ್ತಪ್ಪ, ಗುಳಿಯಪ್ಪ, ಮತ್ತೆ ದೋಸೆ. ಉಳಿದ ಹಿಟ್ಟು ಹುಳಿ ಬಂದು, ಫ್ರಿಜ್ಜಿನಲ್ಲಿ ಮುಚ್ಚಳ ಎತ್ತಿ ನನ್ನನ್ನೇ ನೋಡುತ್ತಿತ್ತು.

ನಿನ್ನೆ ಸಂಜೆ ಶ್ರಾವ್ಯಾಳ ಜೊತೆ ಹೋಗಿ, ಡಬ್ಬಿ ಚಾಚಿ, "ಶೀಲಕ್ಕ, ಒಂದು ಕಿಲೋ," ಎಂದೆ.

ಶ್ರಾವ್ಯಾ ಕಾಲು ಅಪ್ಪಳಿಸಿದಳು. "ಫಿರ್ ಸೇ ದೋಸಾ? ನಾನು ಮಲಾಡ್ ಹೋಗ್ತೇನೆ! ಪಪ್ಪಾ ಈಗ ಅಲ್ಲೇ ಇರ್ತಾರೆ, ನೂಡಲ್ಸ್ ಮಾಡ್ತಾರೆ!"

ಸಾಲಿನಲ್ಲಿದ್ದ ಇಬ್ಬರು ತಟ್ಟನೆ ಮೊಬೈಲಿನಲ್ಲಿ ಮುಳುಗಿದರು. ನನಗೆ ಗ್ರೈಂಡರಿನೊಳಗೆ ಇಳಿದುಬಿಡೋಣ ಎನ್ನಿಸಿತು. ಶೀಲಕ್ಕ ಏನೂ ಕೇಳದವಳಂತೆ ಅವರನ್ನು ಕಳಿಸಿ, ನನ್ನ ಡಬ್ಬಿಗೆ ಅರ್ಧ ಮಾತ್ರ ಹಾಕಿ, ಸ್ಟೂಲು ಎಳೆದುಕೊಟ್ಟಳು.

"ಎಂಥ ಮಾರಾಯ್ತಿ, ನನಗೆ ಯಾವಾಗಲೋ ಗೊತ್ತುಂಟು."

"ಹೇಗೆ?"

"ತೊಳೆದ ಡಬ್ಬಿಯಲ್ಲೂ ಮೂರು ದಿನದ ಹುಳಿ ವಾಸನೆ. ತಿನ್ನುವವರಿರುವ ಮನೆಯ ಡಬ್ಬಿ ಹಾಗೆ ನಾರುವುದಿಲ್ಲ."

ಆಮೇಲೆ ತನ್ನ ಕತೆ ಹೇಳಿದಳು. ಇಪ್ಪತ್ತು ವರ್ಷದ ಹಿಂದೆ ಅವಳೂ, ಹೋಟೆಲಿನಲ್ಲಿ ದುಡಿಯುತ್ತಿದ್ದ ಗಂಡ ಧನರಾಜನೂ ಬೇರೆಯಾದರು. ಅವನು ಟೀವಿ ಒಯ್ದ, ಇವಳು ಗ್ರೈಂಡರ್ ಇಟ್ಟುಕೊಂಡಳು. ಚಾಳಿನವರಿಗೆ ಮಾತ್ರ, "ಅವರು ದುಬೈಗೆ ಹೋಗಿದ್ದಾರೆ."

"ಮತ್ತೆ ಆ ಸುಳ್ಳನ್ನು ಸಾಕುವ ಕೆಲಸ! ಇಲ್ಲೇ ಬಜಾರಿನಿಂದ ಖರ್ಜೂರ ತಂದು, ದುಬೈಯಿಂದ ಬಂತು ಅಂತ ಚಾಳಿಗೆಲ್ಲ ಹಂಚಿದ್ದೇ ಹಂಚಿದ್ದು. ಅತ್ತದ್ದು ಒಂದು ತಿಂಗಳು, ಖರ್ಜೂರ ಹಂಚಿದ್ದು ಒಂದು ವರ್ಷ!"

"ಆಮೇಲೆ?"

"ಆಮೇಲೆಂಥದ್ದು? ದುಬೈ ಗಂಡ ಇಲ್ಲೇ ಪಕ್ಕದ ಬೊರಿವಲಿ ಸ್ಟೇಷನ್ನಲ್ಲಿ ವಡಾಪಾವ್ ತಿನ್ನುವಾಗ ನಮ್ಮ ಚಾಳಿನವರ ಕೈಗೇ ಸಿಕ್ಕಿಬಿದ್ದ! ನಾಚಿಕೆಯಲ್ಲಿ ಸಾಯಬೇಕಿತ್ತು ನಾನು. ನಗೆ ಬಂತು. ವರ್ಷದ ಮೇಲೆ ಅವತ್ತೇ ಸರಿ ನಿದ್ದೆ ಬಂದದ್ದು."

"ಈಗ ಅವರು ಎಲ್ಲಿ?"

"ಬುಧವಾರ ಬುಧವಾರ ಡಬ್ಬಿ ಹಿಡ್ಕೊಂಡು ಇಲ್ಲಿಗೇ ಬರ್ತಾನೆ. ಲೈನಲ್ಲಿ ನಿಲ್ಬೇಕು ಮತ್ತೆ! ಗಂಡನಾಗಿ ಆಗ್ಲಿಲ್ಲ, ಗಿರಾಕಿಯಾಗಿ ಚಿನ್ನ."

ನಾನು ನಕ್ಕೆ. ನಕ್ಕು ನಕ್ಕು, ಎಲ್ಲಿಂದಲೋ ಅಳುವೂ ಬಂತು. ಶೀಲಕ್ಕ ಕೈಗೆ ಸಿಕ್ಕ ಬಟ್ಟೆ ಕೊಟ್ಟಳು. ಒರೆಸಿಕೊಂಡರೆ ಮೂಗಿನ ತುಂಬ ಉದ್ದಿನ ಹಿಟ್ಟು. ಶ್ರಾವ್ಯಾಳಿಗೆ ಅದೊಂದು ತಮಾಷೆ.

"ಅಳು, ಪರವಾಗಿಲ್ಲ," ಎಂದಳು ಶೀಲಕ್ಕ. "ಮಗುವಿಗೆ ಮಾತ್ರ ಸುಳ್ಳು ಕಲಿಸ್ಬೇಡ. ನಿನ್ನ ಖರ್ಜೂರ ಅದರ ಕೈಯಲ್ಲಿ ಯಾಕೆ ಹಂಚಿಸ್ತಿ?"

ಆ ಮಾತು ಮನೆವರೆಗೂ ಹಿಂದೆ ಬಂತು. ಬೀಗದ ಯೋಚನೆಯಲ್ಲಿ, ಅದನ್ನು ಹಾಕಿಸಿಕೊಳ್ಳುವ ಪುಟ್ಟ ಬಾಯಿಯ ನೆನಪೇ ನನಗೆ ಆಗಿರಲಿಲ್ಲ.

ಇವತ್ತು ಬೆಳಿಗ್ಗೆ ಐದು ದೋಸೆ ಹೊಯ್ದೆ. ಶ್ರಾವ್ಯಾಳಿಗೆ ಎರಡು, ನನಗೆ ಮೂರು. ಡಬ್ಬಿಯಲ್ಲಿ ಉಳಿದದ್ದು ನಾಳೆಗೆ ಸರಿಯಾಗಿ ಸಾಕು. ಕೈ ತೊಳೆದು ಫೋನ್ ತೆಗೆದೆ, ಇಟ್ಟೆ, ಮತ್ತೆ ತೆಗೆದು ಅಮ್ಮನ ನಂಬರು ಒತ್ತಿಯೇಬಿಟ್ಟೆ.

"ಹಾಂ, ನೀನೇ ಫೋನ್ ಮಾಡಿದ್ದು ಒಳ್ಳೇದಾಯ್ತು," ಎಂದಳು ಅಮ್ಮ. "ಪುಣೆಯವನ ಪುಡಿಗೆ ಈ ಸಲ ಬೆಳ್ಳುಳ್ಳಿ ಹಾಕ್ಲಾ, ಬೇಡ್ವಾ?"

ನನ್ನ ಧ್ವನಿ ನಡುಗಲಿಲ್ಲ ಎಂದರೆ ಅದು ಇನ್ನೊಂದು ಸುಳ್ಳಾದೀತು.

"ಪುಡಿ ಬೇಡ ಅಮ್ಮಾ. ಗ್ಯಾಸ್ ಆಫ್ ಮಾಡಿ ಒಂಚೂರು ಕೂತ್ಕೋ. ಹಿತೇಶ್ ಪುಣೆಯಲ್ಲಿಲ್ಲ."