ಕಾರು ಹತ್ತದ ಬಾಣಲೆ

ಕೊರ್ದೊಬಾ ಊರಿನ ಸಾನ್ ಲೊರೆನ್ಸೊ ಕೇರಿಯಲ್ಲಿ ಸೊಯ್ಲೊ ಗೊತ್ತಾ ಎಂದು ಕೇಳಿ ನೋಡಿ. ಜನ ಮೊದಲು ಕಿವಿ ಮುಚ್ಚಿಕೊಳ್ಳುತ್ತಾರೆ, ಆಮೇಲೆ ನಗುತ್ತಾರೆ. ಕಿಟಕಿಗೆ ಹಾಕುವ, ಹಗ್ಗ ಎಳೆದರೆ ಸುರುಳಿ ಸುತ್ತಿಕೊಳ್ಳುವ ಪಟ್ಟಿ ಪರದೆಗಳ ರಿಪೇರಿ ಅವನ ಕಸುಬು. ಏಣಿ ಹತ್ತಿ ನಿಂತನೆಂದರೆ ಪಟ್ಟಿಗೆ ಬೈಯುತ್ತಾನೆ, ಹಗ್ಗಕ್ಕೆ ಬೈಯುತ್ತಾನೆ, ಅದನ್ನು ದರದರ ಎಳೆದು ಹಾಳು ಮಾಡಿದ ಮನೆಯೊಡತಿಗೂ ಬೈಯುತ್ತಾನೆ. ಬೈಸಿಕೊಂಡವಳೇ ಆಮೇಲೆ ಕಾಫಿ ಕೊಡುತ್ತಾಳೆ. ಯಾಕೆಂದರೆ ಸೊಯ್ಲೊ ಕೈಯಾಡಿಸಿ ಹೋದ ಪರದೆ ಮತ್ತೆ ವರ್ಷಗಟ್ಟಲೆ ತಕರಾರು ಮಾಡುವುದಿಲ್ಲ.

“ಹೆದ್ರಿಕೊಂಡಿರತ್ತೆ ಪಾಪ,” ಎನ್ನುತ್ತಾಳೆ ಅವನ ಹೆಂಡತಿ ಫುಯೆನ್ಸಾಂತ.

ವರ್ಷದ ಉಳಿದ ದಿನಗಳಲ್ಲಿ ಸೊಯ್ಲೊ ಏಣಿಯ ಮೇಲಿನ ಮನುಷ್ಯ. ಅಕ್ಟೋಬರಿನಲ್ಲಿ ಬರುವ ಸಂತ ರಫಾಯೇಲನ ಹಬ್ಬದಂದು ಮಾತ್ರ ಅವನು ರಾಜ. ಅಂದು ಊರಿಗೆ ಊರೇ ಬಾಗಿಲು ಎಳೆದುಕೊಂಡು ಬೆಟ್ಟದ ಕಾಡಿಗೆ ಹೋಗಿ ಅನ್ನ ಬೇಯಿಸುತ್ತದೆ. ಓಕ್ ಮರಗಳ ಕೆಳಗೆಲ್ಲ ಒಲೆ, ಒಲೆಯ ಮೇಲೆ ಎರಡು ಕಿವಿಯ ಆಳವಾದ ಬಾಣಲೆ, ಅದರಲ್ಲಿ ಕೋಳಿ, ಕೆಂಪು ದಪ್ಪಮೆಣಸು, ಬೆಳ್ಳುಳ್ಳಿ, ಅಕ್ಕಿ. ತಟ್ಟೆಗಿಟ್ಟೆ ಇಲ್ಲ. ಎಲ್ಲರೂ ಚಮಚ ಹಿಡಿದು ಬಾಣಲೆಯ ಸುತ್ತ ನಿಲ್ಲಬೇಕು. ಒಂದು ಹೆಜ್ಜೆ ಮುಂದೆ ಇಟ್ಟು ಒಂದು ಚಮಚ ತೆಗೆದುಕೊಂಡು ಒಂದು ಹೆಜ್ಜೆ ಹಿಂದೆ ಸರಿಯಬೇಕು, ಇನ್ನೊಬ್ಬರಿಗೆ ಜಾಗ ಬಿಡಬೇಕು. ಹಿಂದೆ ಸರಿಯದವನು ಮನುಷ್ಯನೇ ಅಲ್ಲ.

ಕೇರಿಯ ಗುಂಪಿನ ಬಾಣಲೆಯೂ ಮರದ ಸೌಟೂ ಸೊಯ್ಲೊನ ಕೈಯಲ್ಲಿದ್ದವು. ಮಾವ ಕೊಟ್ಟುಹೋದದ್ದು. ಕೊಡುವಾಗ ಮಾವ ಒಂದೇ ಮಾತು ಹೇಳಿದ್ದ: ಬಾಣಲೆ ಕಾರು ಹತ್ತಬಾರದು, ನಡೆದೇ ಬೆಟ್ಟಕ್ಕೆ ಹೋಗಬೇಕು. ಆಗ ಯಾರ ಹತ್ತಿರವೂ ಕಾರು ಇರಲಿಲ್ಲ, ಹಾಗೆ ಹೇಳುವುದು ಸುಲಭವಾಗಿತ್ತು. ಈಗ ಎಲ್ಲರ ಹತ್ತಿರವೂ ಕಾರಿದೆ. ಬಾಣಲೆಯನ್ನು ಆಮೆಯ ಚಿಪ್ಪಿನ ಹಾಗೆ ಬೆನ್ನಿಗೆ ಕಟ್ಟಿಕೊಂಡು ನಡೆಯುವವನು ಸೊಯ್ಲೊ ಒಬ್ಬನೇ. ಅವನ ಎಡ ಮಂಡಿ ಬೇರೆ ಇತ್ತೀಚೆಗೆ ಮುಷ್ಕರ ಹೂಡಿತ್ತು. ಹೋದ ವರ್ಷ ಅವನು ತಲುಪುವಷ್ಟರಲ್ಲಿ ಜನ ಹಸಿವಿನಿಂದ ಆಲಿವ್ ಬೀಜ ಚೀಪುತ್ತ ಕೂತಿದ್ದರು.

ಅದಕ್ಕೇ ಈ ಸಲ ಹಬ್ಬಕ್ಕೆ ಮುಂಚೆ ಕೇರಿಯ ಹೆಂಡದಂಗಡಿಯಲ್ಲಿ ಪಂಚಾಯಿತಿ ನಡೆಯಿತು. ಮಾತು ಎತ್ತಿದವನು ಫುಯೆನ್ಸಾಂತಳ ತಮ್ಮ ಕ್ರಿಸಾಂತೊ. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಮೆದು ಮಾತಿನ ಮನುಷ್ಯ. ಯಾರು ಏನು ಹೇಳಿದರೂ “ಅದೂ ಸರೀನೇ” ಎನ್ನುವವನು.

“ಭಾವ, ಬಾಣ್ಲೆ ನನ್ ಕಾರಲ್ಲಿ ಹಾಕು. ನೀನೂ ಕೂತ್ಕೊ. ಹೀಟರ್ ಹಾಕ್ತೀನಿ, ಮಂಡಿಗೆ ಹಿತವಾಗಿರತ್ತೆ.”

“ಅಕ್ಕಿ ಬೇಯ್ಸೋಕೆ ಹೋಗ್ತಿದೀವೋ, ನನ್ನ ಬೇಯ್ಸೋಕೆ ಹೋಗ್ತಿದೀವೋ?”

“ಹಾಗಲ್ಲ ಭಾವ...”

“ಹಾಗೇ! ಈ ಬಾಣ್ಲೆ ನಿಮ್ಮಪ್ಪನ ಬೆನ್ನ ಮೇಲೆ ಹೋಗಿದ್ದು. ನಿನ್ನ ಡಿಕ್ಕೀಲಿ ಸ್ಪೇರ್ ಚಕ್ರದ ಪಕ್ಕ ಕೂರೋಕಲ್ಲ.”

ಗುಂಪಿನ ಹಿರಿಯ ಎಲಾದಿಯೊ ಕೊನೆಗೆ ಮೇಜು ಕುಟ್ಟಿದ. “ನೋಡು ಸೊಯ್ಲೊ. ನಡ್ಕೊಂಡ್ ಬಾ, ತೆವಳ್ಕೊಂಡ್ ಬಾ, ನಿನ್ನಿಷ್ಟ. ಎರಡು ಗಂಟೆಗೆ ಬಾಣ್ಲೆ ಒಲೆ ಮೇಲೆ ಇರ್ಬೇಕು. ಇಲ್ದಿದ್ರೆ ಕ್ರಿಸಾಂತೊ ಅವನ ಬಾಣ್ಲೇಲಿ ಮಾಡ್ತಾನೆ. ಇನ್ಮೇಲೆ ಸೌಟೂ ಅವಂದೇ.”

ಸೊಯ್ಲೊ ಸೌಟನ್ನು ಅಲ್ಲೇ ಎಲಾದಿಯೊನ ಮುಂದೆ ಎಸೆದ. “ಇಟ್ಕೊ! ಎರಡು ಗಂಟೆಗೆ ಬಂದು ಇಸ್ಕೊಳ್ತೀನಿ.” ಮನೆಗೆ ಬಂದ ಮೇಲೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಮಗ್ಗುಲು ಬದಲಿಸುತ್ತಲೇ ಇದ್ದ. ಆ ಸೌಟು ಹೋದರೆ ತನ್ನ ಹತ್ತಿರ ಉಳಿಯುವುದು ಏಣಿ ಒಂದೇ.

ಹಬ್ಬದ ಬೆಳಿಗ್ಗೆ ಫುಯೆನ್ಸಾಂತ ತಮ್ಮನ ಕಾರು ಹತ್ತಿದಳು. ಸೊಯ್ಲೊನ ಫೋನು ಅವಳ ಚೀಲದಲ್ಲೇ ಉಳಿಯಿತು. “ನಂಗ್ಯಾರು ಫೋನ್ ಮಾಡ್ತಾರೆ, ಬಾಣ್ಲೆನಾ?” ಎಂದು ಅವನೇ ಬಿಟ್ಟಿದ್ದ.

ಊರು ದಾಟಿ, ಬ್ರಿಯಾಂತೆ ಬಡಾವಣೆಯ ಬಂಗಲೆಗಳ ನಾಯಿಗಳಿಂದೆಲ್ಲ ಬೊಗಳಿಸಿಕೊಂಡು ಅವನು ರೆವೆಂತೋನ್ ಎಂಬ ಏರುದಾರಿಗೆ ಬಂದ. ಬಾಣಲೆ ಹೆಜ್ಜೆಹೆಜ್ಜೆಗೂ ಸೊಂಟಕ್ಕೆ ಬಡಿಯುತ್ತಿತ್ತು. ಎರಡೆರಡು ಕೋಲು ಊರಿಕೊಂಡು, ಮೈಗಂಟಿದ ಬಟ್ಟೆ ತೊಟ್ಟು ಬೆಟ್ಟ ಹತ್ತುವ ಪಟ್ಟಣದ ಹುಡುಗಿಯರು ಸರಸರ ಮುಂದೆ ಹೋದರು.

“ಯಜಮಾನ್ರೇ, ಆಮೆ ಎಲ್ಲಿಗೆ ಹೊರಟಿದೆ?”

“ಮೊಲ ಮಲಗಿದ್ಯಾ ಅಂತ ನೋಡೋಕೆ! ಈ ಕೋಲು ಯಾಕೆ ಹಿಡ್ಕೊಂಡಿದೀರಾ, ಹಿಮ ಬಿದ್ದಿದ್ಯಾ ಇಲ್ಲಿ?”

ನಗು ಮೇಲಿನ ತಿರುವಿನಲ್ಲಿ ಮರೆಯಾಯಿತು. ಸೊಯ್ಲೊ ಮಂಡಿಗೆ ಎರಡು ಮಾತು ಬೈದು ಮುಂದೆ ನಡೆದ. ಹೊತ್ತು ಬೇಕಾದಷ್ಟಿತ್ತು. ಸನ್ಯಾಸಿಗಳ ಹಳೆಯ ಗುಡಿಸಲುಗಳನ್ನು ದಾಟಿ ದಾರಿ ಎರಡಾಗುವ ಜಾಗಕ್ಕೆ ಬಂದಾಗ ಅಲ್ಲೊಂದು ಹೊಸ ಮರದ ಬೋರ್ಡು ನಿಂತಿತ್ತು: ಬತ್ತಿದ ಚಿಲುಮೆ, ಎಡಕ್ಕೆ.

ಅವನಿಗೆ ಸಿಟ್ಟು ನೆತ್ತಿಗೇರಿತು. ಬತ್ತಿದ ಚಿಲುಮೆಯ ಬಯಲಲ್ಲೇ ಅವರ ಗುಂಪು ಅಡುಗೆ ಮಾಡುವುದು. ಹುಟ್ಟಿದಾಗಿನಿಂದ ಓಡಾಡಿದ ಬೆಟ್ಟದಲ್ಲಿ ಯಾವನೋ ಕಚೇರಿಯಲ್ಲಿ ಕೂತವನು ತನಗೆ ದಾರಿ ತೋರಿಸುವುದೇ? ತನ್ನ ಮನೆಯಲ್ಲಿ ಅಡುಗೆಮನೆ ಎಲ್ಲಿದೆ ಎಂದು ತನಗೇ ಚೀಟಿ ಅಂಟಿಸಿದ ಹಾಗಾಯಿತು. ಬಲಕ್ಕೆ ಒಂದು ಒಳದಾರಿ ಇತ್ತಲ್ಲ, ಆಡು ಕಾಯುವವರದು, ಇನ್ನೂ ಹತ್ತಿರದ್ದು. ಬೋರ್ಡು ಎಡಕ್ಕೆ ಎಂದದ್ದಕ್ಕೇ ಸೊಯ್ಲೊ ಬಲಕ್ಕೆ ಹೋದ.

ಒಳದಾರಿ ಸ್ವಲ್ಪ ದೂರ ಚೆನ್ನಾಗಿಯೇ ಇತ್ತು. ಆಮೇಲೆ ಮುಳ್ಳುಪೊದೆಯಾಯಿತು. ಪೊದೆಯೊಳಗೆ ಬಾಣಲೆ ಸಿಕ್ಕಿಕೊಂಡು, ಬಿಡಿಸಿಕೊಳ್ಳಲು ಹೋಗಿ ಅವನು ಬೆನ್ನ ಮೇಲೆ ಬಿದ್ದು, ನಿಜವಾದ ಆಮೆಯ ಹಾಗೆಯೇ ಕೈಕಾಲು ಆಡಿಸಿದ. ಎದ್ದು ನೋಡಿದರೆ ಯಾವ ಬಂಡೆಯೂ ಗುರುತಿನದಲ್ಲ. ಕೇಳೋಣವೆಂದರೆ ಕಾಡಿನ ತುಂಬ ಜನ, ಹೊಗೆ, ಹಾಡು. ಆದರೆ ಬೆನ್ನ ಮೇಲೆ ಬಾಣಲೆ ಹೊತ್ತ ಕೊರ್ದೊಬಾದವನು ಈ ಬೆಟ್ಟದಲ್ಲಿ ದಾರಿ ಕೇಳುವುದೇ? ಸತ್ತರೂ ಇಲ್ಲ. ತಾನು ಗಾಳಿ ಸೇವನೆಗೆ ಬಂದವನ ಹಾಗೆ ಶಿಳ್ಳೆ ಹಾಕುತ್ತ ಮೂರು ಗುಂಪುಗಳನ್ನು ದಾಟಿದ. ಅವುಗಳಲ್ಲಿ ಒಂದನ್ನು ಎರಡು ಸಲ ದಾಟಿದ.

ಕೊನೆಗೆ ಮಂಡಿ ಪೂರ್ತಿ ಕೈಕೊಟ್ಟದ್ದು ಒಂದು ಬಂಡೆಯ ಬುಡದಲ್ಲಿ. ಅಲ್ಲೊಂದು ಗುಂಪು ಒಲೆ ಹೊತ್ತಿಸಿಕೊಂಡು ತಲೆ ಕೆರೆದುಕೊಳ್ಳುತ್ತಿತ್ತು. ಉತ್ತರದ ಕಡೆಯಿಂದ ಈ ಊರಿನ ಆಸ್ಪತ್ರೆಯ ಕೆಲಸಕ್ಕೆ ಬಂದವರು. ಊರಿನವರ ಹಾಗೆ ಹಬ್ಬ ಮಾಡೋಣವೆಂದು ಕೋಳಿ ತಂದಿದ್ದರು, ಅಕ್ಕಿ ತಂದಿದ್ದರು. ಬೇಯಿಸಲು ತಂದದ್ದು ಮಾತ್ರ ಒಂದು ಕಾವಲಿ. ಮೊಟ್ಟೆಗೇ ಇಕ್ಕಟ್ಟಾಗುವಂಥದ್ದು.

“ಅಯ್ಯೋ, ಬಾಣ್ಲೆ!” ಎಂದಳು ಇಟ್ಸಿಯಾರ್ ಎಂಬ ನರ್ಸು, ದೇವರನ್ನು ಕಂಡವಳ ಹಾಗೆ.

“ಬಾಣ್ಲೆಗೆ ಕೆಲ್ಸ ಇದೆ,” ಎಂದ ಸೊಯ್ಲೊ. ಆಮೇಲೆ ಆಕಾಶ ನೋಡುತ್ತ, ಯಾರನ್ನೂ ಕೇಳದವನ ಹಾಗೆ, “ಈ ಬತ್ತಿದ ಚಿಲುಮೆ ಅಂತಾರಲ್ಲ, ಅಲ್ಲಿಗೆ ನಿಮ್ ಕಡೆಯೋರು ಹೇಗೆ ಹೋಗ್ತೀರಾ?”

ಅವಳು ಫೋನು ನೋಡಿದಳು. “ಇಲ್ಲಿಂದ ಒಂದು ಗಂಟೆ ದಾರಿ ತೋರಿಸ್ತಿದೆ ಸರ್. ಈಗ ಒಂದೂವರೆ.”

ಸೊಯ್ಲೊ ಬಾಣಲೆ ಬಿಚ್ಚಿ ಅದರ ಮೇಲೇ ಕೂತ. ಮುಗಿಯಿತು. ಸೌಟು ಹೋಯಿತು. ಕ್ರಿಸಾಂತೊ ಅದನ್ನು ಹಿಡಿದು “ಅದೂ ಸರೀನೇ” ಎನ್ನುತ್ತಿರುವುದು ಕಣ್ಣಿಗೆ ಕಟ್ಟಿತು. ಅಷ್ಟರಲ್ಲಿ ಹುಡುಗನೊಬ್ಬ ಕಾವಲಿಗೆ ಹಸಿ ಅಕ್ಕಿ ಸುರಿದು ಮೇಲೆ ಇಡೀ ಕೋಳಿ ಕೂರಿಸಲು ಹೋದ. ಅದನ್ನು ನೋಡಿಕೊಂಡು ಯಾವ ಮನುಷ್ಯ ಸುಮ್ಮನಿರುತ್ತಾನೆ?

“ತೆಗಿ ಕೈ! ಅದೇನು ಕೋಳಿ ಕಾವಿಗೆ ಕೂತಿದ್ಯಾ? ಚಾಕು ಕೊಡಿ ಇಲ್ಲಿ!”

ಹಾಗೆ ಸೊಯ್ಲೊ ಪರರ ಒಲೆಯ ಮುಂದೆ ನಿಂತ. ಕೋಳಿ ಕೆಂಪಾಯಿತು, ಬೆಳ್ಳುಳ್ಳಿ ಘಮ್ಮೆಂದಿತು. ಎಲ್ಲ ಸರಿಯಾಗಿತ್ತು, ಆದರೂ ಏನೋ ಸರಿಯಿಲ್ಲ. ಯಾರೂ ಮಾತಾಡುತ್ತಿರಲಿಲ್ಲ! ಅವರ ಕೇರಿಯಲ್ಲಾದರೆ ಇಷ್ಟು ಹೊತ್ತಿಗೆ ಒಬ್ಬ ನೀರು ಜಾಸ್ತಿ ಎನ್ನುತ್ತಿದ್ದ, ಇನ್ನೊಬ್ಬ ಕಡಿಮೆ ಎನ್ನುತ್ತಿದ್ದ, ಇವನು ಸೌಟು ಬೀಸಿ ಇಬ್ಬರನ್ನೂ ಓಡಿಸುತ್ತಿದ್ದ. ಇವರೋ ಕೈಕಟ್ಟಿ ನಿಂತು ನೋಡುತ್ತಿದ್ದರು.

“ನೀರು ಸಾಕಾ?” ಎಂದು ಅವನೇ ಕೆಣಕಿ ನೋಡಿದ.

“ನಿಮಗೆ ಹೇಗೆ ಸರಿ ಅನ್ಸತ್ತೋ ಹಾಗೆ ಸರ್.”

“ಉರಿ ಜಾಸ್ತಿ ಆಯ್ತು ಅನ್ಸಲ್ವಾ?”

“ನಿಮಗೇ ಚೆನ್ನಾಗಿ ಗೊತ್ತು ಸರ್.”

ಬೈಯಲು ಒಂದು ನೆಪವೂ ಸಿಗದೆ ಸೊಯ್ಲೊ ಸೌದೆ ಕೆದಕಿದ. ಅಕ್ಕಿ ಬೆಂದು, ಬಾಣಲೆ ಇಳಿಸಿದಾಗ ಅವರು ಕಾಗದದ ತಟ್ಟೆಗಳನ್ನು ತಂದರು. ತಟ್ಟೆ! ಅವನು ಕಣ್ಣು ಮುಚ್ಚಿಕೊಂಡ. ತಿಂದವರು “ತುಂಬಾ ಚೆನ್ನಾಗಿದೆ ಸರ್” ಎಂದರು. ಅವನೂ ಒಂದು ಚಮಚ ಬಾಯಿಗಿಟ್ಟ.

ಉಪ್ಪೇ ಹಾಕಿರಲಿಲ್ಲ.

ಇಷ್ಟು ವರ್ಷ ಅವನು ಉಪ್ಪು ಹಾಕುತ್ತಿದ್ದದ್ದು ಎಲಾದಿಯೊ “ಉಪ್ಪು!” ಎಂದು ಕೂಗಿದಾಗ, “ನಂಗೊತ್ತು ಮುಚ್ಚೋ ಬಾಯಿ” ಎಂದು ಬೈಯುತ್ತ. ಇಂದು ಕೂಗುವವರು ಇರಲಿಲ್ಲ.

ಆ ಕ್ಷಣವೇ ಬಂಡೆಯ ಆ ಕಡೆಯಿಂದ ಒಂದು ಹೆಣ್ಣಿನ ದನಿ ಕಾಡೆಲ್ಲ ಸೀಳಿಕೊಂಡು ಬಂತು: “ಕ್ರಿಸಾಂತೊ! ಇದು ಅನ್ನಾನೋ, ಗೋಡೆಗೆ ಹಚ್ಚೋ ಗಾರೆನೋ?”

ಫುಯೆನ್ಸಾಂತ! ಸೊಯ್ಲೊ ಕುಂಟುತ್ತ ಬಂಡೆಯ ಬದಿಗೆ ಹೋಗಿ ಇಣುಕಿದ. ಕೆಳಗೆ, ಕಲ್ಲೆಸೆದರೆ ಬೀಳುವಷ್ಟು ಹತ್ತಿರದಲ್ಲಿ, ಬತ್ತಿದ ಚಿಲುಮೆಯ ಬಯಲು. ಇಟ್ಸಿಯಾರ್ ಮತ್ತೆ ಫೋನು ನೋಡಿ ನಾಲಿಗೆ ಕಚ್ಚಿಕೊಂಡಳು. “ಅದು ಸುತ್ತಿ ಬರೋ ಮಣ್ಣುದಾರಿ ತೋರಿಸಿತ್ತು ಸರ್...”

ಅವನು ಬೈಯಲಿಲ್ಲ. ಬೈಯಲು ಪುರುಸೊತ್ತಿರಲಿಲ್ಲ. “ಬಾಣ್ಲೆ ಎತ್ತಿ! ಎಲ್ರೂ ಬನ್ನಿ!”

ಅರ್ಧ ಅನ್ನವಿದ್ದ ಬಾಣಲೆಯನ್ನು ಇಬ್ಬರು ಹುಡುಗರು ಕಿವಿ ಹಿಡಿದು ಹೊತ್ತರು, ಹಿಂದೆ ನರ್ಸುಗಳ ಮೆರವಣಿಗೆ, ಮುಂದೆ ಕುಂಟುವ ಸೊಯ್ಲೊ. ಬಯಲಿನಲ್ಲಿ ಕ್ರಿಸಾಂತೊ ಒಲೆಯ ಪಕ್ಕ ಮುಖಕ್ಕೆ ಮಸಿ ಮೆತ್ತಿಕೊಂಡು ನಿಂತಿದ್ದ. ನೀರು ಹಾಕು ಎಂದವರಿಗೆಲ್ಲ “ಅದೂ ಸರೀನೇ” ಎಂದು ನೀರು ಹಾಕಿದ್ದ, ಉರಿ ಹೆಚ್ಚಿಸು ಎಂದವರಿಗೆಲ್ಲ ಉರಿ ಹೆಚ್ಚಿಸಿದ್ದ, ಕಲಕು ಎಂದವರಿಗೆಲ್ಲ ಕಲಕಿದ್ದ. ಅವನ ಬಾಣಲೆಯ ತಳದಲ್ಲಿ ಇದ್ದಿಲು, ಮೇಲೆ ಗಂಜಿ.

“ಬಂದ್ಯಾ ಭಾವ!” ಅವನ ಕಣ್ಣಲ್ಲಿ ನೀರಿತ್ತು. ಹೊಗೆಯದೋ ಬೇರೆಯದೋ. “ತಗೋ ನಿನ್ ಸೌಟು. ಈ ಜನರ ಮಧ್ಯೆ ನಿಂತು ಅನ್ನ ಮಾಡೋಕೆ ನಿನ್ನಂಥ ರಾಕ್ಷಸನೇ ಬೇಕು.”

“ಬೇಡ. ಎರಡು ಗಂಟೆ ಆಗೋಯ್ತು. ಮಾತು ಅಂದ್ರೆ ಮಾತು,” ಎಂದ ಸೊಯ್ಲೊ. ಕೈ ಮಾತ್ರ ಆಗಲೇ ಅರ್ಧ ಮುಂದೆ ಚಾಚಿತ್ತು.

ಅಷ್ಟರಲ್ಲಿ ಎಲಾದಿಯೊ ಚಮಚ ಹಿಡಿದು ಮುಂದೆ ಬಂದ, ಸೊಯ್ಲೊನ ಬಾಣಲೆಯಿಂದ ಒಂದು ಚಮಚ ಬಾಯಿಗಿಟ್ಟ, ಹೆಜ್ಜೆ ಹಿಂದೆ ಇಟ್ಟ, ಅಗಿದ. ಮುಖ ಕಿವುಚಿದ.

“ಥೂ! ಉಪ್ಪೆಲ್ಲೋ ಕತ್ತೆ?”

“ಕುಂಟನಿಗೆ ಕೈಯೂ ಹೋಯ್ತಾ?” ಎಂದ ಇನ್ನೊಬ್ಬ. “ಆಸ್ಪತ್ರೆ ಊಟ ಇದು!” ಎಂದಳು ಫುಯೆನ್ಸಾಂತ, ಜೊತೆಯಲ್ಲಿ ನಿಂತಿರುವವರು ಆಸ್ಪತ್ರೆಯವರೇ ಎಂದು ಗೊತ್ತಿಲ್ಲದೆ. ಸುತ್ತಲಿದ್ದವರೆಲ್ಲ ಒಟ್ಟಿಗೇ ಬಾಯಿ ತೆರೆದರು. ಸೊಯ್ಲೊಗೆ ಆ ಗದ್ದಲ ತಣ್ಣನೆಯ ವೈನಿನ ಹಾಗೆ ಗಂಟಲಲ್ಲಿ ಇಳಿಯಿತು.

“ನಂಗೊತ್ತು, ಮುಚ್ರೋ ಬಾಯಿ!” ಎಂದು ಗುಡುಗಿ, ಕ್ರಿಸಾಂತೊನ ಕೈಯಿಂದ ಸೌಟು ಕಿತ್ತುಕೊಂಡ. ಬಾಣಲೆಯನ್ನು ಒಲೆಗೇರಿಸಿ, ಉಪ್ಪು ಹಾಕಿ, ಇನ್ನೊಂದಿಷ್ಟು ಸಾರು ಸುರಿದು ಕುದಿಸಿದ. “ದೂರ ನಿಲ್ರೋ! ನೀನ್ಯಾಕೆ ಇಣುಕ್ತೀಯಾ ಎಲಾದಿಯೊ, ಬಾವಿನಾ ಇದು?”

ಆಮೇಲೆ ಎಲ್ಲರೂ ಸುತ್ತ ನಿಂತರು. ಇಟ್ಸಿಯಾರ್ ತನ್ನ ಕಾಗದದ ತಟ್ಟೆಯನ್ನು ಮೆಲ್ಲಗೆ ಒಲೆಗೆ ಹಾಕಿದಳು, ಹೆಜ್ಜೆ ಮುಂದೆ ಇಟ್ಟಳು, ಒಂದು ಚಮಚ ತಿಂದಳು. ಕಣ್ಣರಳಿಸಿ ಅಲ್ಲೇ ನಿಂತು ಎರಡನೆಯ ಚಮಚಕ್ಕೆ ಕೈ ಹಾಕಿದಳು.

“ಹಿಂದೆ!” ಎಂದು ಇಡೀ ಬಯಲು ಕೂಗಿತು. ಎಲ್ಲರಿಗಿಂತ ಜೋರಾಗಿ ಕೂಗಿದವನು ಸೊಯ್ಲೊ.

ಅವಳು ಗಾಬರಿಯಾಗಿ ಹಿಂದೆ ಸರಿದು ಕ್ರಿಸಾಂತೊನ ಕಾಲು ತುಳಿದಳು. “ಪರವಾಗಿಲ್ಲ,” ಎಂದ ಅವನು ಹಲ್ಲು ಕಚ್ಚಿಕೊಂಡು, “ಅದೂ ಸರೀನೇ.”